ಎದುರಿಗೆ ಕೂತು ಓದಿದವರಿಗೆ

ಎಲ್ಲರಿಗೂ ನಮಸ್ಕಾರ. ಈ ವಾರ ನನಗೆ ಆಕ್ಟ್ರಾದ ಪೂರ್ಣ ಸದಸ್ಯತ್ವ ಸಿಕ್ಕಿತು. ಕೆನಡಾದ ಸಿನಿಮಾ, ಟೆಲಿವಿಷನ್, ರೇಡಿಯೊ ಕಲಾವಿದರ ಸಂಘ ಅದು. ಮೊದಲು ಅಪ್ರೆಂಟಿಸ್ ಆಗಿ ಸೇರಿಕೊಂಡು, ಸಂಘದ ಒಪ್ಪಂದದಡಿ ಮಾಡಿದ ಪಾತ್ರಗಳು ಒಂದೊಂದಾಗಿ ಲೆಕ್ಕಕ್ಕೆ ಬಂದ ಮೇಲೆ ಪೂರ್ಣ ಸದಸ್ಯತ್ವ ಕೊಡುತ್ತಾರೆ. ಸುದ್ದಿ ಕೇಳಿ ಫೋನ್ ಮಾಡಿದವರೆಲ್ಲ "ಕಷ್ಟಪಟ್ಟಿದ್ದಕ್ಕೆ ಫಲ ಸಿಕ್ತು ಬಿಡು" ಅಂದರು. ಕಷ್ಟಪಟ್ಟದ್ದು ನಿಜ. ಆದರೆ ಎದುರು ಪಾತ್ರದವರು ಸರಿಯಾಗಿ ಮಾತು ಕೊಡದೆ ಹೋದರೆ ಎಂಥ ನಟಿಯೂ ರಂಗದ ಮೇಲೆ ತಡವರಿಸುತ್ತಾಳೆ ಅನ್ನುವುದು ನಾಟಕ ಆಡಿದವರಿಗೆಲ್ಲ ಗೊತ್ತು. ಟೊರೊಂಟೊಗೆ ಬಂದ ಮೇಲೆ ನನಗೆ ಹಾಗೆ ಮಾತು ಕೊಟ್ಟವರ ಹೆಸರು ಯಾವ ಪರದೆಯ ಮೇಲೂ ಬರುವುದಿಲ್ಲ. ಅವರಿಗಾಗಿ ಈ ಬರಹ. ಕೆಲವರು ಹೆಸರು ಹಾಕಬೇಡ ಅಂದಿದ್ದರಿಂದ ಯಾರದ್ದೂ ಹಾಕಿಲ್ಲ. ಓದಿದರೆ ಅವರವರಿಗೆ ತಿಳಿಯುತ್ತದೆ.

ಮೊದಲ ನಮಸ್ಕಾರ ಮೈಸೂರಿಗೆ. ರಂಗಾಯಣದ ಅಂಗಳದಲ್ಲಿ ನಾಟಕ ನೋಡುತ್ತಾ ಬೆಳೆದು, ಹವ್ಯಾಸಿ ತಂಡಗಳಲ್ಲಿ ಬಣ್ಣ ಹಚ್ಚಿದವಳು ನಾನು. ಆಕಾಶವಾಣಿಯ ನಾಟಕಗಳಲ್ಲೂ ಮಾತಾಡಿದ್ದೇನೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಕೇಂದ್ರದ ಊರು ನಮ್ಮದು. ಅಲ್ಲಿ ನನಗೆ ಕಲಿಸಿದ ಮೇಷ್ಟ್ರು ಸ್ಕ್ರಿಪ್ಟಿನ ಪಿನ್ನು ತೆಗೆಸಿ, ಹಾಳೆಗಳನ್ನು ಬಿಡಿಬಿಡಿಯಾಗಿ ಕೈಗಿಡುತ್ತಿದ್ದರು. ಹಾಳೆ ತಿರುಗಿಸಿದರೆ ಮೈಕಿಗೆ ಕೇಳುತ್ತದೆ, ಅದಕ್ಕೇ ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಡಬೇಕು. "ಗಟ್ಟಿಯಾಗಿ ಹೇಳೋದು ಬೇಡಮ್ಮ, ಮೈಕ್ ಹತ್ತಿರ ಬಾ" ಅನ್ನುತ್ತಿದ್ದರು. ಕ್ಯಾಮೆರಾದ ಮುಂದೆ ನಿಂತಾಗ ನನ್ನ ನೆರವಿಗೆ ಬಂದದ್ದು ಕೊನೆಯ ಸಾಲಿನವರೆಗೆ ಮುಟ್ಟಿಸುತ್ತಿದ್ದ ನಾಟಕದ ದನಿಯಲ್ಲ, ಮೇಷ್ಟ್ರು ಕಲಿಸಿದ ಆ ಸಣ್ಣ ದನಿ. ಆಕ್ಟ್ರಾದ ಬೇರು ಕೂಡ 1943ರಲ್ಲಿ ರೇಡಿಯೊ ಕಲಾವಿದರು ಕಟ್ಟಿದ ಸಂಘದಲ್ಲೇ ಇದೆ ಎಂದು ತಿಳಿದ ದಿನ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದ್ದೆ. ತುಂಬಾ ಸಂತೋಷಪಟ್ಟರು.

ಇನ್ನು ನಮ್ಮ ಸ್ಕಾರ್ಬರೋದ ಕೆಳಗಿನ ಮನೆಯ ಅಕ್ಕ. ಇವರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಕೋವಿಡ್ ಬಂದ ಮೇಲೆ ಇಲ್ಲಿ ಆಡಿಷನ್ ಅಂದರೆ ಬಹುಪಾಲು ಸೆಲ್ಫ್ ಟೇಪ್. ದೃಶ್ಯದ ಹಾಳೆಗಳು ಸಂಜೆ ಬಂದರೆ ಮಾರನೆಯ ದಿನವೇ ವಿಡಿಯೊ ಕಳಿಸಬೇಕಾದದ್ದೂ ಉಂಟು. ಹಿಂದೆ ಖಾಲಿ ಗೋಡೆ, ಮುಖದ ಮೇಲೆ ಬೆಳಕು, ಕಣ್ಣಿನ ಎತ್ತರಕ್ಕೆ ಫೋನು. ಇಷ್ಟನ್ನು ಒಬ್ಬಳೇ ಹೊಂದಿಸಿಕೊಳ್ಳಬಹುದು. ಆದರೆ ಫೋನಿನ ಪಕ್ಕ ಕೂತು ಎದುರು ಪಾತ್ರದ ಮಾತು ಓದಲು ಒಬ್ಬರು ಬೇಕೇ ಬೇಕು. ನಮ್ಮ ಮನೆಯವರಿಗೆ ರಾತ್ರಿ ಪಾಳಿ. ಒಂದು ಸಂಜೆ ಬೇರೆ ದಾರಿ ಕಾಣದೆ ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಅಕ್ಕ ಜಾಫ್ನಾದವರು. 1983ರ ಗಲಭೆಯ ನಂತರ ಊರು ಬಿಟ್ಟ ಸಾವಿರಾರು ತಮಿಳರಲ್ಲಿ ಒಬ್ಬರು. ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಏನು, ಎತ್ತ ಎಂದು ಕೇಳದೆ ಕನ್ನಡಕ ಹಾಕಿಕೊಂಡು ಮೇಲೆ ಬಂದರು. ಅವತ್ತಿನಿಂದ ನನ್ನ ಎದುರಿನ ಪೊಲೀಸು, ಜಡ್ಜು, ಗಂಡ, ಮಗ, ಮನೆ ಮಾಲೀಕ ಎಲ್ಲರೂ ಅವರೇ. ಅವರಿಗಾಗಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸುತ್ತೇನೆ. ನಮ್ಮಿಬ್ಬರ ನಡುವೆ ಅರ್ಧ ಇಂಗ್ಲಿಷು, ಅರ್ಧ ತಮಿಳು.

ಆಸ್ಪತ್ರೆಯಲ್ಲಿ ಮಗನಿಗಾಗಿ ಕಾಯುತ್ತಿರುವ ತಾಯಿಯ ದೃಶ್ಯವೊಂದು ಬಂದಿತ್ತು. ಕೆಟ್ಟ ಸುದ್ದಿ ಕೇಳಿದ ಕೂಡಲೇ ನಾನು ಅಳುತ್ತಿದ್ದೆ. ಅಕ್ಕ ಹಾಳೆ ಮಡಿಲಲ್ಲಿಟ್ಟು ಹೇಳಿದರು: "ಸುದ್ದಿ ಕೇಳಿದವರು ತಕ್ಷಣ ಅಳೋದನ್ನ ನಾನು ಕಂಡಿದ್ದು ಕಡಿಮೆ. ಕೈಚೀಲ ತೆಗೆದು ಏನೋ ಹುಡುಕ್ತಾರೆ. ಏನು ಹುಡುಕ್ತಿದೀವಿ ಅಂತ ಅವರಿಗೂ ಗೊತ್ತಿರಲ್ಲ." ನಾನು ಒಳಗೆ ಹೋಗಿ ನನ್ನ ಚೀಲ ತಂದೆ. ಜಿಪ್ಪು ಎಳೆದು, ಮನೆ ಕೀಲಿ, ಬಸ್ ಕಾರ್ಡು, ಮಗನ ಕೈಗವಸು ಒಂದೊಂದೇ ತೆಗೆದು ಮತ್ತೆ ಒಳಗಿಟ್ಟೆ. ಅಕ್ಕ ಡಾಕ್ಟರ ಮಾತನ್ನು ನಿಧಾನಕ್ಕೆ, ನಿಜವಾದ ರೋಗಿಯ ತಾಯಿಗೆ ಹೇಳುವ ಹಾಗೆ ಓದಿದರು. ಆ ಟೇಪಿಗೇ ಪಾತ್ರ ಸಿಕ್ಕಿತು. ಅಕ್ಕಾ, ಆ ಪಾತ್ರದಲ್ಲಿ ನಿಮ್ಮ ಪಾಲು ದೊಡ್ಡದು.

ಇದಕ್ಕೂ ಮೊದಲು ಬ್ಯಾಕ್‌ಗ್ರೌಂಡ್ ಕೆಲಸದ ದಿನಗಳಿದ್ದವು. ಬೀದಿಯಲ್ಲಿ ನಡೆಯುವವರು, ಹೋಟೆಲಿನಲ್ಲಿ ಕೂತವರು ನಾವು. ಮಾತಿಲ್ಲ. ನಸುಕಿನಲ್ಲಿ ಹೋಗಿ, ನಮಗೆಂದು ಗೊತ್ತು ಮಾಡಿದ ಕೋಣೆಯಲ್ಲಿ ಗಂಟೆಗಟ್ಟಲೆ ಕಾದು, ಕರೆದಾಗ ಎದ್ದು ಹೋಗಬೇಕು. ಆ ಕೋಣೆಗಳಲ್ಲಿ ನನಗೆ ಜೊತೆಯಾದದ್ದು ಫಿಲಿಪೀನ್ಸ್‌ನ ಹಿರಿಯ ಕಲಾವಿದೆಯೊಬ್ಬರು. ನವೆಂಬರ್ ಚಳಿಯಲ್ಲಿ ಬೇಸಿಗೆಯ ದೃಶ್ಯ ತೆಗೆಯುವಾಗ ಬಾಯಿಂದ ಹಬೆ ಬರುತ್ತದೆ. ಆಕ್ಷನ್ ಅನ್ನುವ ಮೊದಲು ಬಾಯಲ್ಲಿ ಐಸ್ ತುಂಡು ಇಟ್ಟುಕೊಂಡರೆ ಸ್ವಲ್ಪ ಹೊತ್ತು ಹಬೆ ಕಾಣುವುದಿಲ್ಲ ಎಂದು ತೋರಿಸಿಕೊಟ್ಟವರು ಅವರು. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದು. ಒಬ್ಬ ಏಜೆಂಟ್ ಫೋಟೊ, ತರಬೇತಿ ಎಂದು ಮುಂಗಡ ಹಣ ಕೇಳಿದಾಗ ನಾನು ಕೊಡುವುದರಲ್ಲಿದ್ದೆ. "ನಿಜವಾದ ಏಜೆಂಟ್ ನೀನು ದುಡಿದ ಮೇಲೆ ಅದರಲ್ಲಿ ಪಾಲು ತಗೋತಾರೆ, ಮೊದಲೇ ಕೈ ಚಾಚಲ್ಲ" ಎಂದು ತಡೆದರು. ಆ ದುಡ್ಡು ಮನೆ ಬಾಡಿಗೆಯದ್ದಾಗಿತ್ತು.

2023 ಬಹಳ ಕಷ್ಟದ ವರ್ಷ. ಮೇ ತಿಂಗಳಲ್ಲಿ ಅಮೆರಿಕದ ಚಿತ್ರಕಥೆಗಾರರು, ಜುಲೈ 14ರಿಂದ ಅಲ್ಲಿನ ನಟರು ಮುಷ್ಕರಕ್ಕೆ ಇಳಿದರು. ನಮ್ಮ ಸಂಘ ಮುಷ್ಕರ ಹೂಡಿರಲಿಲ್ಲ. ಆದರೂ ಟೊರೊಂಟೊದ ಬೀದಿಗಳು ಎಷ್ಟೋ ಸಲ ನ್ಯೂಯಾರ್ಕಿನ ವೇಷ ಹಾಕುವುದೇ ಅಮೆರಿಕದ ನಿರ್ಮಾಪಕರಿಗಾಗಿ. ಅವರು ನಿಂತರೆ ಇಲ್ಲಿಯೂ ಕೆಲಸ ನಿಲ್ಲುತ್ತದೆ. ನಟರ ಮುಷ್ಕರ ಮುಗಿದದ್ದು ನವೆಂಬರ್ 9ಕ್ಕೆ, 118 ದಿನಗಳ ನಂತರ. ಅವರ ಬೇಡಿಕೆ ನ್ಯಾಯವಾದದ್ದು ಎಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆದರೆ ಮನೆ ನಡೆಯಬೇಕಲ್ಲ. ಆಗ ಇಲ್ಲಿನ ಕನ್ನಡದ ಮನೆಗಳು ನನ್ನನ್ನು ಕೈಬಿಡಲಿಲ್ಲ. "ಮಕ್ಕಳಿಗೆ ನಾಟಕ ಕಲಿಸ್ತೀರಾ?" ಎಂದು ಒಬ್ಬರು ಕೇಳಿದರು, ಅವರಿಂದ ಮತ್ತೊಬ್ಬರಿಗೆ ಗೊತ್ತಾಯಿತು. ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿನಲ್ಲಿ ಭಾನುವಾರದ ತರಗತಿ ಶುರುವಾಯಿತು. ಯಾರೂ ಫೀಸಿಗೆ ಚೌಕಾಸಿ ಮಾಡಲಿಲ್ಲ. ದೀಪಾವಳಿಗೆ ಚಕ್ಕುಲಿ, ಕೋಡುಬಳೆ ಮಾಡಿಕೊಡಿ ಎಂದು ಆರ್ಡರ್ ಕೊಟ್ಟವರಿಗೆಲ್ಲ ತಮ್ಮ ಮನೆಯಲ್ಲೇ ಮಾಡಿಕೊಳ್ಳಲು ಬರುತ್ತಿತ್ತು ಅನ್ನುವುದು ನನಗೆ ಗೊತ್ತಿಲ್ಲದೇ ಇಲ್ಲ.

ಕೊನೆಗೆ, ಆ ಆಸ್ಪತ್ರೆಯ ದೃಶ್ಯ ಚಿತ್ರೀಕರಣವಾದ ದಿನ. ತಾಯಿ ಒಂದೆಡೆ ಹಿಂದಿಯಲ್ಲಿ ಮಾತಾಡುತ್ತಾಳೆ ಎಂದು ಸ್ಕ್ರಿಪ್ಟಿನಲ್ಲಿತ್ತು. ಇದನ್ನು ನನ್ನ ಭಾಷೆಯಲ್ಲಿ ಹೇಳಬಹುದೇ ಎಂದು ನಿರ್ದೇಶಕರನ್ನು ಕೇಳಿದೆ. ಹೇಳಿ ತೋರಿಸಿ ಅಂದರು. "ಯಾರಾದ್ರೂ ಹೇಳ್ರಪ್ಪಾ, ನನ್ ಮಗ ಎಲ್ಲಿ?" ಅಂದೆ. ಒಂದು ನಿಮಿಷ ಸುಮ್ಮನಿದ್ದು, ಇದೇ ಇರಲಿ ಅಂದರು. ಪ್ರತಿ ಟೇಕಿನಲ್ಲೂ ಮಾತು ಒಂದೇ ರೀತಿ ಇರಬೇಕೆಂದು ಕಂಟಿನ್ಯುಟಿ ನೋಡಿಕೊಳ್ಳುವ ಹುಡುಗಿ ನನ್ನ ಪಕ್ಕ ಮಂಡಿಯೂರಿ ಕೂತು, ಆ ಸಾಲನ್ನು ತನ್ನ ಲಿಪಿಯಲ್ಲಿ ಬರೆದುಕೊಂಡಳು. ಮತ್ತೆ ಮತ್ತೆ ಹೇಳಿಸಿ, "ಹೇಳ್ರಪ್ಪಾ"ದಲ್ಲಿ ದೀರ್ಘ ಎಲ್ಲಿ ಬರುತ್ತದೆ ಎಂದು ಕೇಳಿ ಗುರುತು ಹಾಕಿಕೊಂಡಳು. ನನ್ನ ನುಡಿಗೆ ಅಷ್ಟು ಗಮನ ಕೊಟ್ಟ ಆ ಹುಡುಗಿಗೂ, ನಿರ್ದೇಶಕರಿಗೂ ನಾನು ಋಣಿ. ತಾಯಿ, ಅಂಗಡಿಯಾಕೆ, ನರ್ಸು ಎಂದು ನಮ್ಮಂಥವರಿಗೆ ಸಣ್ಣ ಪಾತ್ರಗಳೇ ಜಾಸ್ತಿ ಎಂದು ಬೇಸರಪಡುವವರಿದ್ದಾರೆ. ಅವರ ಬೇಸರ ಸರಿಯಾದದ್ದೇ. ಆದರೂ ಆ ಒಂದು ಸಾಲಿನ ತಾಯಿ ನನಗೆ ಸಣ್ಣವಳಲ್ಲ.

ರಾತ್ರಿ ಪಾಳಿ ಮುಗಿಸಿ ಬಂದು ಮಗನನ್ನು ಸ್ಕೂಲಿಗೆ ಬಿಟ್ಟು ಆಮೇಲೆ ಮಲಗುತ್ತಿದ್ದ ನಮ್ಮ ಮನೆಯವರಿಗೆ, "ಸೊಸೆ ಬಣ್ಣ ಹಚ್ಚೋದು ಬಿಡಬಾರದು" ಎಂದು ಮೈಸೂರಿನಿಂದಲೇ ಹಟ ಹಿಡಿದ ಅತ್ತೆಗೆ ಇಲ್ಲಿ ಹೇಳುವುದು ಕಡಿಮೆಯೇ. ಮನೆಯಲ್ಲಿ ಹೇಳುತ್ತೇನೆ.

ಟೊರೊಂಟೊ ಸುತ್ತಮುತ್ತ ಹೊಸದಾಗಿ ಬಂದು ನಟನೆಗೆ ಪ್ರಯತ್ನಿಸುತ್ತಿರುವವರು ಇದನ್ನು ಓದುತ್ತಿದ್ದರೆ, ಸೆಲ್ಫ್ ಟೇಪಿಗೆ ಎದುರು ಓದಲು ಜನ ಬೇಕಾದಾಗ ನನಗೆ ಮೆಸೇಜ್ ಮಾಡಿ. ಶೂಟಿಂಗ್ ಇಲ್ಲದ ದಿನ ಸಂಜೆ ಮನೆಯಲ್ಲೇ ಇರುತ್ತೇನೆ. ನಾನು ಸಿಗದಿದ್ದರೆ ಅಕ್ಕ ಓದುತ್ತಾರಂತೆ, ಕೇಳಿಯೇ ಬರೆಯುತ್ತಿದ್ದೇನೆ. ಪ್ರಿಂಟ್ ಮಾತ್ರ ದೊಡ್ಡ ಅಕ್ಷರದಲ್ಲಿ ತನ್ನಿ.