ಪದವಿನ ಮೇಲಿನ ಮನೆಗೆ ಕೈಜೋಡಿಸಿದವರಿಗೆ

ಕಾಸರಗೋಡಿನ ನಮ್ಮೂರ ಪದವಿನ (ಗುಡ್ಡದ ಮೇಲಿನ ಕಲ್ಲುಬಯಲಿನ) ಅಂಚಿನಲ್ಲಿ ಕಟ್ಟಿದ ನಂಬಿಕೆಗಳ ಸಂಗ್ರಹಾಲಯದ ಬಾಗಿಲು ತೆರೆದಿದೆ. ವಿನ್ಯಾಸ ಮಾಡಿದವಳೆಂದು ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿತ್ತು. ಅಲ್ಲಿ ಹೆಸರು ಬಾರದವರಿಗಾಗಿ ಈ ನಾಲ್ಕು ಮಾತು.

ಮೊದಲ ನಮಸ್ಕಾರ ಕೋಲ ಕಟ್ಟುವ, ಅಂದರೆ ವೇಷ ತೊಟ್ಟು ದೈವವನ್ನು ಮೈಮೇಲೆ ತಂದುಕೊಳ್ಳುವ ಹಿರಿಯರಿಗೆ. ದೈವದ ಮೊಗ (ಮುಖವಾಡ), ಕಡ್ಸಲೆ (ಕತ್ತಿ), ಗಗ್ಗರ (ಕಾಲ್ಗೆಜ್ಜೆ) ದೈವದ ಸೊತ್ತು ಕಾಯುವ ಭಂಡಾರದ ಮನೆಯಲ್ಲಿಯೇ ಇರತಕ್ಕದ್ದು, ನೇಮಕ್ಕಲ್ಲದೆ (ದೈವದ ಉತ್ಸವಕ್ಕಲ್ಲದೆ) ಹೊರಗೆ ಬರುವುದಿಲ್ಲ ಎಂದು ಅವರು ಆರಂಭದಲ್ಲೇ ಹೇಳಿದರು. ಹಳೆಯ ಕಂಚಿನ ಮೊಗ ಒಂದಾದರೂ ಇಲ್ಲದಿದ್ದರೆ ನೋಡುವುದೇನನ್ನು ಎಂದು ಕೆಲವು ದಾನಿಗಳು ಪಟ್ಟು ಹಿಡಿದು, ಕೊನೆಗೆ ಹಣ ಕೊಡದೆ ಹಿಂದೆ ಸರಿದರು. ಗೋಡೆ ಅರ್ಧಕ್ಕೆ ನಿಂತ ಆ ಮಳೆಗಾಲ ನಮಗೆಲ್ಲ ಬಹಳ ಕಷ್ಟದ್ದು. ಆದರೂ ಹಿರಿಯರ ಮಾತೇ ಸರಿ. ಪೂಜೆಗೊಳ್ಳುತ್ತಿರುವ ಮೊಗವನ್ನು ಗಾಜಿನ ಹಿಂದೆ ಇಟ್ಟರೆ ಲೋಹ ಕಂಡೀತು, ದೈವ ಕಾಣದು. ಆದ್ದರಿಂದ ನಡುಕೋಣೆಯಲ್ಲಿ ವಸ್ತುಗಳಿಲ್ಲ, ಕೈಕೆಲಸವಿದೆ. ಹಿರಿಯರು ಎಳೆಯ ತೆಂಗಿನ ಗರಿ ಸೀಳಿ ಸಿರಿ (ಕೋಲದ ಉಡುಗೆ) ಹೆಣೆಯುವುದನ್ನು ತಮ್ಮ ಮಕ್ಕಳಿಗೆ ಕಲಿಸುತ್ತಾರೆ. ಬಂದವರು ಸುತ್ತ ಕುಳಿತು ನೋಡಬಹುದು. ಮುಖಕ್ಕೆ ಹಚ್ಚುವ ಹಳದಿ ಬಣ್ಣವಾದ ಅರದಾಳವನ್ನು ಅರೆದು ತೋರಿಸುತ್ತಾರೆ, ಮುಖಕ್ಕೆ ಹಚ್ಚುವುದಿಲ್ಲ. ಅದು ಕೋಲದ ದಿನಕ್ಕೇ ಮೀಸಲು. ಗರಿಯೆಲ್ಲ ಸಂಜೆಗೆ ತೆಂಗಿನ ಬುಡ ಸೇರುತ್ತದೆ.

ಗೋಡೆಗೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಕಡಿದವರಿಗೆ ಎಷ್ಟು ವಂದಿಸಿದರೂ ಸಾಲದು. ನೆಲದೊಳಗೆ ಮೆತ್ತಗಿರುವ ಈ ಕಲ್ಲು ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಗಾರೆ ಬಳಿಯಬೇಡಿ, ಮಾಡು (ಸೂರು) ಮುಂದಕ್ಕೆ ಚಾಚಲಿ ಎಂದವರು ಅವರೇ. ವರ್ಷಕ್ಕೆ 3500 ಮಿ.ಮೀ.ನಷ್ಟು ಮಳೆ ಸುರಿಯುವ ಸೀಮೆಯಲ್ಲಿ ಮಾಡೇ ಮುಖ್ಯ. ಮಧೂರು ದೇವಸ್ಥಾನದ ಮೂರು ನೆಲೆಯ ಗಜಪೃಷ್ಠವನ್ನು (ಆನೆಯ ಹಿಂಬದಿಯಂತೆ ದುಂಡಾದ ಕಟ್ಟಡವನ್ನು) ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಯಾರಿನ ಕಡೆಯಿಂದ ಬಂದ, ನೀರಿಗಾಗಿ ಸುರಂಗ ತೋಡುವ ಹಿರಿಯರೊಬ್ಬರು ನಕ್ಷೆಯನ್ನೇ ಬದಲಿಸಿದರು. ದೀಪ ಹಿಡಿದು ಗುಡ್ಡದೊಳಗೆ ಅಡ್ಡಕ್ಕೆ ಕೊರೆಯುತ್ತಾ, ಜ್ವಾಲೆ ಸೊರಗಿದರೆ ಉಸಿರಿಗೆ ಗಾಳಿಯಿಲ್ಲವೆಂದು ಹಿಂದಿರುಗುವ ಕಸುಬು ಅವರದು. ಪದವು ಕುಡಿದ ಮಳೆಯೇ ಕೆಳಗಿನ ತೋಟಗಳಿಗೆ ಸುರಂಗದ ನೀರು, ಮೇಲೆ ಕಾಂಕ್ರೀಟು ಹಾಸಬೇಡಿ ಎಂದರು. ವಾಹನಗಳು ರಸ್ತೆಯ ಬದಿಯಲ್ಲೇ ನಿಲ್ಲುತ್ತವೆ. ಮುಳಿಹುಲ್ಲಿನ ನಡುವೆ ನಡೆದು, ನಾಗಬನವನ್ನು ಸುತ್ತಿಕೊಂಡು ಬರಬೇಕು. ಆ ನಡಿಗೆಯೇ ನಮ್ಮ ಮೊದಲ ಕೋಣೆ ಎಂದು ನಾನು ತಿಳಿದಿದ್ದೇನೆ.

ಮಂಜೇಶ್ವರದ ಉದ್ಯಾವರದಲ್ಲಿ ದೈವಸ್ಥಾನದ ಉತ್ಸವಕ್ಕೆ ಮುನ್ನ ದೈವಪಾತ್ರಿಗಳು ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ಕೊಡುವ ಪದ್ಧತಿಯಿದೆ. ಅದಕ್ಕೊಂದು ಕೋಣೆ ಬೇಕೇ ಬೇಕೆಂದು ಕೇಳಿ, ಅದರ ಬರಹವನ್ನು ತಿದ್ದಿಕೊಟ್ಟ ಬ್ಯಾರಿ (ಕರಾವಳಿಯ ಮುಸ್ಲಿಂ) ಗೆಳೆಯರಿಗೆ, ಚಂದ್ರಗಿರಿ ಹೊಳೆಯಾಚೆಯ ತೆಯ್ಯಂ (ಕೋಲದಂಥದೇ ಆರಾಧನೆ) ವಿವರಗಳನ್ನು ಪರಿಶೀಲಿಸಿದ ಮಲಯಾಳಿ ಗೆಳತಿಯರಿಗೆ ವಂದನೆ. ಬರಹಗಳು ಕನ್ನಡ, ತುಳು, ಮಲಯಾಳದಲ್ಲಿವೆ.

ನೇಜಿ (ಭತ್ತದ ಸಸಿ) ನೆಡುವಾಗಿನ ಪಾಡ್ದನಗಳನ್ನು (ತುಳು ಕಥನಗೀತೆಗಳನ್ನು) ಹಾಡಿಕೊಟ್ಟ ಅಜ್ಜಿಯಂದಿರೇ, ನಿಮ್ಮ ದನಿ ನೀವು ಒಪ್ಪಿದ ಕೋಣೆಯಲ್ಲಷ್ಟೇ ಕೇಳುತ್ತದೆ. ಪ್ರತಿಗಳು ನಿಮ್ಮ ಮನೆಗೆ ತಲುಪಿವೆ.

ಮೇ ಕೊನೆಯ ಹೊತ್ತಿಗೆ ಬರುವ, ಕೋಲಗಳಿಗೆ ಗಡುವಿನ ದಿನವಾದ ಪತ್ತನಾಜೆ ಕಳೆದರೆ ದೀಪಾವಳಿಯವರೆಗೆ ಕೋಲಗಳಿಲ್ಲ, ಕಟ್ಟುವವರಿಗೆ ಆ ಸಂಪಾದನೆಯೂ ಇಲ್ಲ. ಟಿಕೆಟಿನ ಹಣದಿಂದ ಆ ತಿಂಗಳುಗಳಲ್ಲಿ ಕಲಿಸುವ ಹಿರಿಯರಿಗೆ ದಿನಗೂಲಿ ಮೊದಲು, ಉಳಿದದ್ದೆಲ್ಲ ಆಮೇಲೆ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿ ನಿರ್ಣಯ ಮಾಡಿಸಿದ ಊರಿನ ಹೆಂಗಸರಿಗೆ ನಾನು ಋಣಿ.