ಖಾನಾಪುರದ ಘಟ್ಟ ನೋಡುವ ಕಾಲ ಆಷಾಢವಲ್ಲ

ಮಾನ್ಯ ಸಂಪಾದಕರೇ,

ಮೃಗಶಿರ ಮಳೆ ಹಿಡಿಯುತ್ತಿದ್ದಂತೆ ಪತ್ರಿಕೆಗಳ ಪ್ರವಾಸದ ಪುಟಗಳಲ್ಲಿ ಖಾನಾಪುರ ತಾಲ್ಲೂಕಿನ ಜಲಪಾತಗಳ ಚಿತ್ರಗಳು ಕಾಣಿಸಿಕೊಳ್ಳುತ್ತವೆ. ಮರುವಾರದಿಂದಲೇ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟುತ್ತವೆ. ಈ ಘಟ್ಟವನ್ನು ನೋಡಲು ಮಳೆಗಾಲವೇ ಶ್ರೇಷ್ಠ ಎಂಬ ಮಾತು ಜನರಲ್ಲಿ ಗಟ್ಟಿಯಾಗಿ ಬೇರೂರಿದೆ. 40 ವರ್ಷಗಳಿಂದ ಬೆಳಗಾವಿಯಲ್ಲಿದ್ದು ಆ ಕಾಡನ್ನು ಎಲ್ಲ ಋತುಗಳಲ್ಲಿಯೂ ನೋಡಿರುವ ನನಗೆ ಅದು ತಪ್ಪು ಮಾತೆಂದೇ ತೋರುತ್ತದೆ. ಹಸ್ತ ಮಳೆ ಮುಗಿದ ಮೇಲೆ, ಸೀಗಿ ಹುಣ್ಣಿಮೆಯಿಂದ ಸಂಕ್ರಾಂತಿಯ ಆಚೀಚೆಯವರೆಗಿನ ಮೂರು ತಿಂಗಳೇ ಅಲ್ಲಿಗೆ ಹೋಗಲು ತಕ್ಕ ಕಾಲ.

ಮಳೆಗಿಂತ ಹೆಚ್ಚಾಗಿ ಗಾಳಿಯನ್ನು ನೆನೆದು ಈ ಮಾತು ಹೇಳುತ್ತಿದ್ದೇನೆ. ಅರಬ್ಬಿ ಸಮುದ್ರದಿಂದ ಬರುವ ನೈರುತ್ಯ ಮುಂಗಾರಿನ ಗಾಳಿಯು ಗೋವಾದ ತಗ್ಗನ್ನು ದಾಟಿ ಸಹ್ಯಾದ್ರಿಯ ಗೋಡೆಗೆ ಬಂದು ಬಡಿಯುತ್ತದೆ. ಬೆಟ್ಟದ ಮೈಗುಂಟ ಮೇಲೇರುತ್ತ ತಣ್ಣಗಾಗಿ, ಹೊತ್ತು ತಂದ ನೀರಿನಲ್ಲಿ ಬಹುಪಾಲನ್ನು ಅಲ್ಲಿಯೇ ಸುರಿದು, ಘಟ್ಟದ ನೆತ್ತಿಯ ಮೇಲೆ ಭರದಿಂದ ಬೀಸುತ್ತದೆ. ಮುಂದೆ ಸವದತ್ತಿಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವುದೂ ಇದೇ ಗಾಳಿ, ಆದರೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಅದರಲ್ಲಿ ಹೆಚ್ಚು ಮಳೆ ಉಳಿದಿರುವುದಿಲ್ಲ. ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಆಷಾಢದ ಗಾಳಿ ಎಂದರೆ ಧೂಳೆಬ್ಬಿಸುವ ಗಾಳಿ. ಅದೇ ಗಾಳಿ ಕಣಕುಂಬಿಯಲ್ಲಿ ನಿಂತವನ ಮೈಗೆ ನೀರಿನ ಚಾಟಿಯಾಗಿ ಹೊಡೆಯುತ್ತದೆಂಬುದು ಅವರಿಗೆ ಅಲ್ಲಿಗೆ ಹೋಗಿ ನಿಂತ ಮೇಲೆಯೇ ತಿಳಿಯುತ್ತದೆ.

ಕಳೆದ ಆಷಾಢದಲ್ಲಿ ವಿಜಯಪುರದಿಂದ ಬಂದಿದ್ದ ನನ್ನ ತಂಗಿಯ ಮನೆಯವರಿಗೆ ಹಾಗೆಯೇ ಆಯಿತು. ಬಾಡಿಗೆ ವಾಹನದವರು ‘ಇದೇ ಸೀಸನ್’ ಎಂದು ಹುರಿದುಂಬಿಸಿದ್ದರು. ನಾನು ಬೇಡವೆಂದರೂ ಮಕ್ಕಳ ಹಟಕ್ಕೆ ಮಣಿದು ಜೊತೆಗೆ ಹೊರಟೆ. ಕಣಕುಂಬಿ ದಾಟಿದ ಮೇಲೆ ಮುಂದಿದ್ದ ಲಾರಿಯ ಹಿಂದಿನ ಕೆಂಪು ದೀಪವೂ ಮಂಜಿನಲ್ಲಿ ಕರಗಿಹೋಯಿತು. ಕಣಿವೆ ಕಾಣುತ್ತದೆಂದು ಇಳಿದ ಜಾಗದಲ್ಲಿ ಸುಣ್ಣ ಬಳಿದಂಥ ಬಿಳುಪಿನ ಹೊರತು ಏನೂ ಕಾಣಲಿಲ್ಲ. ತಂಗಿಯ ಮಗಳು ಬಿಚ್ಚಿದ ಕೊಡೆ ಒಂದೇ ಬೀಸಿಗೆ ಮಗುಚಿ, ಕಡ್ಡಿಗಳೆಲ್ಲ ಮುರಿದು, ಬಟ್ಟೆ ಹಾರಿ ಕಣಿವೆಗೆ ಹೋಯಿತು. ತೊಯ್ದ ಬಟ್ಟೆಯ ಮೇಲೆ ಗಾಳಿ ತಾಗಿದ್ದರಿಂದ ಕಿರಿಯವನ ತುಟಿ ನೀಲಿಗಟ್ಟಿತ್ತು. ಹಿಂತಿರುಗುವಾಗ ರಸ್ತೆಗೆ ಅಡ್ಡಲಾಗಿ ಮರವೊಂದು ಉರುಳಿ, ಎರಡು ತಾಸು ವಾಹನದೊಳಗೇ ಕುಳಿತೆವು.

ದೀಪಾವಳಿಗೆ ಅವರು ಮತ್ತೆ ಬಂದಾಗ ಅದೇ ತಿರುವಿಗೆ ನಾನೇ ಕರೆದೊಯ್ದೆ. ಗಾಳಿ ತಗ್ಗಿತ್ತು. ಹಳ್ಳಗಳಲ್ಲಿ ನೀರು ಇನ್ನೂ ತಿಳಿಯಾಗಿ ಹರಿಯುತ್ತಿತ್ತು. ಬೆಟ್ಟಗಳು ಒಂದರ ಹಿಂದೊಂದು ಗೋವಾದ ಕಡೆಗೆ ಇಳಿದುಹೋಗುವುದು ಬರಿಗಣ್ಣಿಗೆ ಕಾಣುತ್ತಿತ್ತು. ಘಟ್ಟದ ಅಂಚಿನ ನೇರಳೆ ಗಿಡಗಳು ಆಳೆತ್ತರವನ್ನೂ ದಾಟದೆ ಎಲ್ಲವೂ ಮೂಡಣಕ್ಕೆ ಬಾಗಿ ಬೆಳೆದಿದ್ದವು, ಪಡುವಣದ ಕಡೆಗೆ ಒಂದು ರೆಂಬೆಯೂ ಇರಲಿಲ್ಲ. ತಂಗಿಯ ಮಗಳು ಆ ಬಾಗಿದ ಕಾಂಡವನ್ನು ಬಹಳ ಹೊತ್ತು ಸವರಿ ನೋಡಿದಳು. ಗಾಳಿ ಏನು ಮಾಡಬಲ್ಲದೆಂಬುದು ಆಷಾಢದಲ್ಲಿ ಅಲ್ಲಿಯೇ ನಿಂತಿದ್ದ ಅವಳಿಗೆ ಅಂದು ಅರ್ಥವಾಯಿತೆಂದು ನನಗೆ ಅನ್ನಿಸಿತು. ಚಿತ್ತ, ಸ್ವಾತಿ ಮಳೆಗಳು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗುಡುಗಿನೊಂದಿಗೆ ಬರುವುದರಿಂದ ಬೆಳಗಿನ ಹೊತ್ತಿನಲ್ಲಿ ನಡೆದಾಡಿ ಬರುವುದು ಲೇಸು. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಹಣ್ಣು ಬಿಟ್ಟ ಆಲ, ಅತ್ತಿ ಮರಗಳಿಗೆ ಮಂಗಟ್ಟೆ ಹಕ್ಕಿಗಳು ಬರುತ್ತವೆ. ಶಿವರಾತ್ರಿಯ ನಂತರ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ತೊಡಗುತ್ತದೆ, ಪ್ರಾಣಿಗಳಿಗೇ ನೀರು ಸಾಲದ ಕಾಲವದು. ಆಗ ನಾವು ಹೋಗದಿರುವುದೇ ಒಳ್ಳೆಯದು.

ಮಳೆ ನಿಂತ ಮಾತ್ರಕ್ಕೆ ನೀರಿನ ಅಪಾಯ ತೀರಿತೆಂದು ನಾನು ಹೇಳುತ್ತಿಲ್ಲ. 2022ರ ನವೆಂಬರ್‌ನಲ್ಲಿ ನಮ್ಮ ನೆರೆಯ ಕಿತವಾಡ ಜಲಪಾತದಲ್ಲಿ ಬೆಳಗಾವಿಯ ನಾಲ್ವರು ಹೆಣ್ಣುಮಕ್ಕಳು ಮುಳುಗಿ ಸತ್ತದ್ದನ್ನು ಈ ಊರು ಮರೆತಿಲ್ಲ. ಪಾಚಿಗಟ್ಟಿದ ಬಂಡೆ ಯಾವ ತಿಂಗಳಲ್ಲಾದರೂ ಕಾಲು ಜಾರಿಸುತ್ತದೆ.

ತುಂಬಿ ಧುಮ್ಮಿಕ್ಕುವ ನೀರನ್ನೇ ನೋಡಬೇಕೆನ್ನುವವರಿಗೆ ಗೋಕಾಕ ಇದೆ. ಸಹ್ಯಾದ್ರಿಯಲ್ಲೇ ಹುಟ್ಟುವ ಘಟಪ್ರಭೆ ಘಟ್ಟದ ಮಳೆಯ ನೀರನ್ನು ಮಳೆ ಕಡಿಮೆಯಿರುವ ಸೀಮೆಗೆ ಹೊತ್ತು ತಂದು, ಅಲ್ಲಿ 52 ಮೀಟರ್ ಎತ್ತರದಿಂದ ಬೀಳುತ್ತದೆ. ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟಾಗ ಅದರ ಕೆಂಪು ಪ್ರವಾಹವನ್ನು ಬಿಸಿಲಿನಲ್ಲಿ ನಿಂತೇ ನೋಡಬಹುದು. ಅಂಚಿಗೆ ಹೋಗದೆ ದೂರದಿಂದ ನೋಡಬೇಕೆಂಬುದೊಂದೇ ಅಲ್ಲಿನ ನಿಯಮ. ಇಷ್ಟು ಹತ್ತಿರದಲ್ಲಿ ಇಂಥದ್ದಿರುವಾಗ ಆಷಾಢದಲ್ಲಿ ಖಾನಾಪುರ ಘಟ್ಟದ ಭೀಮಗಡದ ಕಾಡಿಗೆ ಏಕೆ ನುಗ್ಗಬೇಕು?

2011ರಲ್ಲಿ ವನ್ಯಜೀವಿಧಾಮವಾದ ಭೀಮಗಡ ಸುಮಾರು 190 ಚದರ ಕಿಲೋಮೀಟರಿನದು. ಮಹದಾಯಿ ಹುಟ್ಟುವುದು ಅದರ ಮಡಿಲಿನಲ್ಲಿ. ಅದರ ಬಾರಾಪೆಡೆ ಗುಹೆಗಳಲ್ಲಿ ಜಗತ್ತಿನ ಅಪರೂಪದ ಬಾವಲಿಯೊಂದು ವಾಸವಾಗಿದೆ. ಆ ಗುಹೆಗಳಿಗಂತೂ ಪ್ರವಾಸಿಗರು ಯಾವ ಋತುವಿನಲ್ಲಿಯೂ ಕಾಲಿಡಬಾರದು. ಆ ಕಾಡಿನೊಳಗಿನ ಆಮಗಾಂವ, ಗವಾಳಿಯಂಥ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಯಿಲೆಯವರನ್ನು ಹೆಗಲ ಮೇಲೆ ಹೊತ್ತು ತರಬೇಕಾಗುತ್ತದೆ. ತಮ್ಮ ದಾರಿಯೇ ಮುಚ್ಚಿರುವ ಆ ದಿನಗಳಲ್ಲಿ, ದಾರಿ ತಪ್ಪಿದ ಪ್ರವಾಸಿಗರನ್ನು ಹುಡುಕುವ ಕೆಲಸವೂ ಅದೇ ಹಳ್ಳಿಗರ ತಲೆಯ ಮೇಲೆ ಬೀಳುವುದು ಅನ್ಯಾಯ.

ಮಳೆಗಾಲದಲ್ಲಿ ಜಲಪಾತಗಳಿಗೆ ಪ್ರವೇಶ ನಿರ್ಬಂಧಿಸುವ ಆದೇಶಗಳು ಜನ ಹೊರಟು ನಿಂತ ಮೇಲೆ ಬರುವ ಬದಲು ಮೇ ತಿಂಗಳಲ್ಲಿಯೇ ಪ್ರಕಟವಾಗಲಿ, ಯಾವ ದಾರಿ ಯಾವಾಗ ತೆರೆಯುತ್ತದೆಂಬುದೂ ಅದರಲ್ಲಿ ಇರಲಿ ಎಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ. ತಮ್ಮಲ್ಲಿಯೂ ಒಂದು ವಿನಂತಿಯಿದೆ: ಬರುವ ಜೂನ್‌ನ ಪ್ರವಾಸದ ಪುಟವನ್ನು ಗೋಕಾಕಕ್ಕೆ ಕೊಟ್ಟು, ಕಣಕುಂಬಿಯ ಚಿತ್ರಗಳನ್ನು ಅಕ್ಟೋಬರ್‌ವರೆಗೆ ತೆಗೆದಿಡಿ.

ಇಂತಿ,
ಓರ್ವ ನಿವೃತ್ತ ಶಿಕ್ಷಕ
ಟಿಳಕವಾಡಿ, ಬೆಳಗಾವಿ