ನನ್ನ ಚರ್ಮ ಕೆಂಪಾಗುವುದಿಲ್ಲ

ಸಂಪಾದಕರೇ, ನಮಸ್ಕಾರ.

ಮುಖದ ಕಪ್ಪು ಕಲೆಗೆ ಯಾವ ಸೀರಮ್ ಹಚ್ಚಬೇಕು ಅಂತ ಪತ್ರಿಕೆಗಳಲ್ಲಿ ಆಗಾಗ ಲೇಖನ ಬರುತ್ತದೆ. ಬರಲಿ, ನಮಗೂ ಬೇಕು. ಆದರೆ ಅಂಥ ಲೇಖನದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಚರ್ಮ ಕೆಂಪಾದರೆ ಹಚ್ಚುವುದನ್ನು ನಿಲ್ಲಿಸಿ. ಬಾಟಲಿಯ ಮೇಲೂ ಇದೇ ಸಾಲು. ನನ್ನದು ಎಣ್ಣೆಗಪ್ಪು ಬಣ್ಣ. ನನ್ನ ಚರ್ಮ ಕೆಂಪಾಗುವುದಿಲ್ಲ ಸ್ವಾಮಿ. ಕೆರಳಿದರೆ ಒಂಥರಾ ಬೂದುಗಂದು ಆಗುತ್ತದೆ, ಕೆಲವು ಸಲ ನೇರಳೆ ಛಾಯೆ ಬರುತ್ತದೆ, ಬಹಳ ಸಲ ಮಾಮೂಲಿಗಿಂತ ಸ್ವಲ್ಪ ಕಪ್ಪು ಕಾಣುತ್ತದೆ ಅಷ್ಟೇ. ಕೆಂಪು ಬರಲಿ ಅಂತ ಕಾದು ಕೂತರೆ ಅದು ಬರುವುದೂ ಇಲ್ಲ, ನಾನು ನಿಲ್ಲಿಸುವುದೂ ಇಲ್ಲ.

ನಾನು ಹಾಗೇ ಕಾದವಳು. ಗಲ್ಲದ ಹತ್ತಿರ ನಾಲ್ಕೈದು ಮೊಡವೆ ಕಲೆ ಇದ್ದವು. ಬೆಳಿಗ್ಗೆ ವಿಟಮಿನ್ ಸಿ, ರಾತ್ರಿ ಚರ್ಮದ ಮೇಲಿನ ಸಿಪ್ಪೆ ಸುಲಿಯುವ 10% ಗ್ಲೈಕಾಲಿಕ್ ಆಸಿಡ್, ಎರಡನ್ನೂ ಒಂದೇ ವಾರದಲ್ಲಿ ಶುರು ಮಾಡಿದೆ. ಉರಿಯಿತು. ಉರಿದರೆ ಕೆಲಸ ಮಾಡುತ್ತಿದೆ ಅಂತ ಎಲ್ಲೋ ಓದಿದ್ದೆ, ಹಲ್ಲು ಕಚ್ಚಿ ಮುಂದುವರಿಸಿದೆ. ಮೂರನೇ ವಾರಕ್ಕೆ ಬಾಯಿಯ ಸುತ್ತ ಸಿಪ್ಪೆ ಏಳತೊಡಗಿತು, ಎರಡು ತಿಂಗಳಿಗೆ ಹಳೆಯ ನಾಲ್ಕೈದು ಕಲೆಯ ಜೊತೆಗೆ ಬಾಯಿ ಸುತ್ತ ಉಂಗುರದ ಹಾಗೆ ಹೊಸ ಕಪ್ಪು. ದುಡ್ಡು ಕೊಟ್ಟು ಕಲೆ ತಂದುಕೊಂಡೆ. ಮನೆಯವರು ಏನೂ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಚರ್ಮದ ಡಾಕ್ಟರ್ ಬಳಿ ಹೋದ ಮೇಲೆ ವಿಷಯ ತಿಳಿಯಿತು. ಬಿಳಿಯರಿಗೂ ಕಪ್ಪು ಬಣ್ಣದವರಿಗೂ ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ. ಆದರೆ ನಮ್ಮಲ್ಲಿ ಅವು ಜಾಸ್ತಿ ಕೆಲಸ ಮಾಡುತ್ತವೆ, ಅವು ತಯಾರಿಸುವ ಮೆಲನಿನ್ ಅನ್ನುವ ಬಣ್ಣದ ಪೊಟ್ಟಣಗಳೂ ದೊಡ್ಡವು. ಜೊತೆಗೆ ಸ್ವಲ್ಪ ಮುಂಗೋಪಿಗಳು. ಮೊಡವೆ ಆಗಲಿ, ಗೀರು ಆಗಲಿ, ಸೊಳ್ಳೆ ಕಡಿತ ಆಗಲಿ, ಉರಿಯುವ ಸೀರಮ್ಮೇ ಆಗಲಿ, ಎಲ್ಲಕ್ಕೂ ಅವುಗಳ ಉತ್ತರ ಒಂದೇ, ಇನ್ನಷ್ಟು ಬಣ್ಣ ಸುರಿಯುವುದು. ಅಂದರೆ ಕಲೆ ತೆಗೆಯಲು ಹಚ್ಚಿದ್ದೇ ಚರ್ಮವನ್ನು ಕೆರಳಿಸಿದರೆ ಅದೇ ಕಲೆ ಮಾಡುತ್ತದೆ. ತೆಳು ಬಣ್ಣದವರಿಗೆ ಎರಡು ದಿನ ಕೆಂಪಾಗಿ ಹೋಗುವ ವಿಷಯ ನಮಗೆ ಎಂಟು ತಿಂಗಳ ಗುರುತು. ಹಾಗಾಗಿ "ಯಾವುದು ಎಲ್ಲಕ್ಕಿಂತ ಸ್ಟ್ರಾಂಗ್?" ಅನ್ನುವ ಪ್ರಶ್ನೆಯೇ ನಮಗೆ ಉಲ್ಟಾ. ನಾವು ಕೇಳಬೇಕಾದ್ದು, ಯಾವುದನ್ನು ಆರು ತಿಂಗಳು ಉರಿಯಿಲ್ಲದೆ ಹಚ್ಚಬಹುದು ಅಂತ.

ಸಲಹೆಗಳು ತೆಳು ಬಣ್ಣದ ಚರ್ಮದ ಲೆಕ್ಕದಲ್ಲೇ ಯಾಕೆ ಬರುತ್ತವೆ ಅನ್ನುವುದಕ್ಕೆ ಒಂದು ಹಳೆಯ ಕತೆಯಿದೆ. ಇವತ್ತು ಎಲ್ಲರೂ ಹೇಳುವ "ಸ್ಕಿನ್ ಟೈಪ್ 1ರಿಂದ 6" ಅನ್ನುವ ಅಳತೆಯನ್ನು ಅಮೆರಿಕದ ಡಾಕ್ಟರ್ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ್ದು. ಬಿಸಿಲಿಗೆ ಯಾರು ಎಷ್ಟು ಸುಡುತ್ತಾರೆ ಅಂತ ನೋಡಿ ಬೆಳಕಿನ ಚಿಕಿತ್ಸೆಯ ಪ್ರಮಾಣ ನಿರ್ಧರಿಸಲು. ಆಗ ಅದರಲ್ಲಿ ಇದ್ದದ್ದು ಬಿಳಿ ಚರ್ಮದ ನಾಲ್ಕು ಬಗೆ ಮಾತ್ರ. ಕಂದು, ಕಪ್ಪು ಚರ್ಮವನ್ನು 5, 6 ಅಂತ ಕೊನೆಗೆ ಜೋಡಿಸಿದ್ದು ಆಮೇಲೆ. ನಾವು ಪಟ್ಟಿಗೆ ತಡವಾಗಿ ಸೇರಿದವರು, ಅಲ್ವಾ?

ಈಗ ಸೀರಮ್ ವಿಷಯಕ್ಕೆ ಬರುತ್ತೇನೆ. ನಾನು ಡಾಕ್ಟರಲ್ಲ, ಪೆಟ್ಟು ತಿಂದು ಕಲಿತವಳು. ಡಾಕ್ಟರ್ ಹೇಳಿದ್ದು, ಆಮೇಲೆ ನಾನು ಓದಿಕೊಂಡದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನನಗೆ ಹೆಚ್ಚು ಒಗ್ಗಿದ್ದು ಅಜೆಲಾಯಿಕ್ ಆಸಿಡ್. ಹೆಸರಿನಲ್ಲಿ ಆಸಿಡ್ ಇದೆ ಅಂತ ಹೆದರಬೇಡಿ, ಇದು ಗ್ಲೈಕಾಲಿಕ್ ಥರ ಒರಟಲ್ಲ. ಮೆಲನಿನ್ ತಯಾರಾಗಲು ಟೈರೋಸಿನೇಸ್ ಅನ್ನುವ ಕಿಣ್ವ ಬೇಕು, ಇದು ಅದನ್ನು ತಡೆಯುತ್ತದೆ. ಇನ್ನೂ ಚೆನ್ನಾದ ಸಂಗತಿ ಏನೆಂದರೆ ಅತಿಯಾಗಿ ಕೆಲಸ ಮಾಡುತ್ತಿರುವ ಬಣ್ಣದ ಕೋಶಗಳ ಮೇಲೆಯೇ ಇದರ ಪ್ರಭಾವ ಜಾಸ್ತಿ, ಮಾಮೂಲಿ ಚರ್ಮದ ಬಣ್ಣವನ್ನು ಇದು ಅಷ್ಟಾಗಿ ಮುಟ್ಟುವುದಿಲ್ಲ. ಮೊಡವೆಯನ್ನೂ ಕಮ್ಮಿ ಮಾಡುತ್ತದೆ. ಮೊಡವೆ ನಿಲ್ಲದೆ ಮೊಡವೆ ಕಲೆಗೆ ಸೀರಮ್ ಹಚ್ಚುವುದು ತೂತು ಮಡಕೆಗೆ ನೀರು ತುಂಬಿದ ಹಾಗೆ, ಒಂದು ಮಾಯುವಷ್ಟರಲ್ಲಿ ಇನ್ನೆರಡು ಹುಟ್ಟಿರುತ್ತವೆ. ಅದಕ್ಕೇ ಎರಡನ್ನೂ ನೋಡಿಕೊಳ್ಳುವ ಇದು ನಮ್ಮಂಥವರಿಗೆ ಸರಿ ಅನ್ನುತ್ತೇನೆ. ಸಾಮಾನ್ಯವಾಗಿ 10% ಸಿಗುತ್ತದೆ, 15% ಮತ್ತು 20% ಡಾಕ್ಟರ್ ಬರೆದುಕೊಡುವಂಥವು. ಮೊದಲ ಕೆಲವು ದಿನ ಸ್ವಲ್ಪ ನವೆ ಬರಬಹುದು, ಅದಕ್ಕೆ ದಿನ ಬಿಟ್ಟು ದಿನ ಶುರು ಮಾಡಬೇಕು. ಬಸುರಿಯರಿಗೂ ಡಾಕ್ಟರುಗಳು ಇದನ್ನು ಕೊಡುತ್ತಾರೆ, ವಿಟಮಿನ್ ಎಯಿಂದ ಮಾಡುವ ರೆಟಿನಾಲ್ ಜಾತಿಯವನ್ನು ಆಗ ಮುಟ್ಟಲೇಬಾರದು.

ನಯಾಸಿನಮೈಡ್ ಬಗ್ಗೆ ಎಲ್ಲರಿಗೂ ಗೊತ್ತು. ತಯಾರಾದ ಬಣ್ಣ ಮೇಲಿನ ಕೋಶಗಳಿಗೆ ಸಾಗದಂತೆ ಅದು ತಡೆಯುತ್ತದೆ, ಚರ್ಮದ ಹೊರಪದರವನ್ನೂ ಗಟ್ಟಿ ಮಾಡುತ್ತದೆ. ಇದಕ್ಕೆ 4-5% ಸಾಕು. 10%, 20% ಅಂತ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿರುತ್ತಾರಲ್ಲ, ಆ ಅಂಕಿ ನೋಡಿ ಕೊಳ್ಳಬೇಡಿ. ಜಾಸ್ತಿ ಆದರೆ ಇದೂ ಕೆಲವರಿಗೆ ಕೆರಳಿಸುತ್ತದೆ.

ಟ್ರಾನೆಕ್ಸಾಮಿಕ್ ಆಸಿಡ್ ಕತೆ ನನಗೆ ಇಷ್ಟ. ಇದನ್ನು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ 1962ರಲ್ಲಿ ಕಂಡುಹಿಡಿದದ್ದು ರಕ್ತಸ್ರಾವ ನಿಲ್ಲಿಸಲು, ಹೆರಿಗೆಯಲ್ಲಿ ತಾಯಂದಿರು ಸಾಯಬಾರದು ಅಂತ. ಬೇರೆ ಕಾಯಿಲೆಗೆ ಈ ಮಾತ್ರೆ ತೆಗೆದುಕೊಂಡವರ ಮುಖದ ಬಂಗು ತಿಳಿಯಾದದ್ದು ಕಣ್ಣಿಗೆ ಬಿದ್ದದ್ದು 1979ರಲ್ಲಿ, ಅದೂ ಜಪಾನಿನಲ್ಲೇ. ಈಗ 2ರಿಂದ 5% ಸೀರಮ್ ಆಗಿ ಸಿಗುತ್ತದೆ, ಹೆಚ್ಚಿನವರಿಗೆ ಉರಿಯುವುದಿಲ್ಲ, ಕೆನ್ನೆ ಮೇಲೆ ಹರಡಿಕೊಳ್ಳುವ ಬಂಗಿಗೆ ಒಳ್ಳೆಯದು. ಮಾತ್ರೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ನುಂಗಬಾರದು, ಅದು ರಕ್ತ ಹೆಪ್ಪುಗಟ್ಟುವ ಸಂಗತಿಗೆ ಕೈ ಹಾಕುವ ಔಷಧಿ.

ವಿಟಮಿನ್ ಸಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅದರ ಅಸಲಿ ರೂಪವಾದ ಎಲ್-ಆಸ್ಕಾರ್ಬಿಕ್ ಆಸಿಡ್ ಚರ್ಮದೊಳಗೆ ಇಳಿಯಬೇಕಾದರೆ ಹುಳಿಯ ಅಳತೆಯಾದ ಪಿಎಚ್ 3.5ಕ್ಕಿಂತ ಕೆಳಗಿರಬೇಕು, ಅಷ್ಟು ಹುಳಿ ಇದ್ದದ್ದು ಸೂಕ್ಷ್ಮ ಚರ್ಮಕ್ಕೆ ಚುರುಗುಟ್ಟುತ್ತದೆ. 10%ರಿಂದ ಶುರು ಮಾಡಿ, 20% ದಾಟಿದರೆ ಲಾಭ ಏನೂ ಇಲ್ಲ. ಗಾಳಿ ಬೆಳಕು ತಾಗಿ ನೀರಿನಂತಿದ್ದದ್ದು ಕಂದು ಆದರೆ ಕೆಟ್ಟಿದೆ ಅಂತ ಅರ್ಥ, ಎಷ್ಟೇ ದುಬಾರಿಯಾಗಿದ್ದರೂ ಎಸೆಯಿರಿ. ಕೋಜಿಕ್ ಆಸಿಡ್ ಒಂದು ಬಗೆಯ ಬೂಷ್ಟಿನಿಂದ ಬರುವಂಥದ್ದು. ಕೆಲಸ ಮಾಡುತ್ತದೆ, ಆದರೆ ಅಲರ್ಜಿ ಮಾಡುವ ಗುಣವೂ ಇದೆ, 1% ಮೀರಬಾರದು. ಆಲ್ಫಾ ಅರ್ಬುಟಿನ್ 2% ಸೌಮ್ಯ. ಸಿಪ್ಪೆ ಸುಲಿಯುವ ಆಸಿಡ್ ಬೇಕೇ ಬೇಕು ಅನ್ನುವವರು ಗ್ಲೈಕಾಲಿಕ್ ಬಿಟ್ಟು ಮ್ಯಾಂಡೆಲಿಕ್ ನೋಡಬಹುದು, ಅದರ ಅಣು ದೊಡ್ಡದು, ನಿಧಾನಕ್ಕೆ ಇಳಿಯುತ್ತದೆ, ಉರಿ ಕಮ್ಮಿ. ಇವುಗಳಲ್ಲಿ ಒಂದನ್ನು ಆರಿಸಿ, ಕಿವಿಯ ಹಿಂದೆ ನಾಲ್ಕೈದು ದಿನ ಹಚ್ಚಿ ನೋಡಿ, ಸರಿಹೋದರೆ ಮುಖಕ್ಕೆ. ಎರಡನೆಯದನ್ನು ತಿಂಗಳಾದ ಮೇಲೆ ಸೇರಿಸಿ. ಬಣ್ಣ ನೋಡಿ ತೀರ್ಮಾನಿಸಬೇಡಿ, ಬೆರಳು ಹೇಳುವುದನ್ನು ಕೇಳಿ: ಬಿಸಿ ಇದೆಯಾ, ಒರಟಾಗಿದೆಯಾ, ಬಿಗಿಯುತ್ತದೆಯಾ, ಮಾಮೂಲಿ ಕ್ರೀಮ್ ಹಚ್ಚಿದರೂ ಚುರ್ ಅನ್ನುತ್ತದೆಯಾ? ಹೌದು ಅಂದರೆ ನಿಲ್ಲಿಸಿ. ನಮ್ಮ ಕೆಂಪು ಅದೇ.

ಹೈಡ್ರೋಕ್ವಿನೋನ್ ಬಗ್ಗೆ ಬರೆಯುವಾಗ ದಯವಿಟ್ಟು ಎಚ್ಚರ ವಹಿಸಿ. ಕಲೆಗೆ ಅದು ಬಲವಾದ ಔಷಧಿ, ಡಾಕ್ಟರ್ ಕೈಯಲ್ಲಿ ಮೂರ್ನಾಲ್ಕು ತಿಂಗಳಿಗೆ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಹಚ್ಚಿದವರ ಚರ್ಮ ನೀಲಿಗಪ್ಪಾಗಿ ತರಿತರಿಯಾಗುವುದನ್ನು ದಕ್ಷಿಣ ಆಫ್ರಿಕಾದ ಡಾಕ್ಟರುಗಳು 1975ರಲ್ಲೇ ಬರೆದಿಟ್ಟಿದ್ದಾರೆ, ಆ ಕಪ್ಪು ತೆಗೆಯುವುದು ಬಹಳ ಕಷ್ಟ. ಯುರೋಪ್ ಒಕ್ಕೂಟ ಇದನ್ನು ಚರ್ಮ ತಿಳಿಯಾಗಿಸುವ ಕ್ರೀಮುಗಳಿಂದ 2001ರಲ್ಲಿ ತೆಗೆಸಿತು, ಅಮೆರಿಕದಲ್ಲಿ 2020ರಿಂದ ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಇನ್ನು ವಾರದಲ್ಲೇ ಮುಖ ಬೆಳಗುವ ಕ್ರೀಮ್ ಸಿಕ್ಕಿತು ಅಂತ ಯಾರಾದರೂ ಖುಷಿಪಟ್ಟರೆ ನನಗೆ ಹೊಟ್ಟೆ ಕಲಸುತ್ತದೆ. ಅದರಲ್ಲಿ ಸ್ಟೀರಾಯ್ಡ್ ಇರಬಹುದು, ಚರ್ಮ ತೆಳುವಾಗಿ, ನರ ಎದ್ದು ಕಂಡು, ಬಿಟ್ಟ ಕೂಡಲೇ ಎಲ್ಲಾ ದುಪ್ಪಟ್ಟಾಗಿ ವಾಪಸ್ ಬರುತ್ತದೆ. ಇಲ್ಲವೇ ಪಾದರಸ ಇರಬಹುದು, ಅದು ಕಿಡ್ನಿಗೆ ಹೋಗುತ್ತದೆ. ಏನೇನು ಹಾಕಿದ್ದೇವೆ ಅಂತ ಬರೆಯದ ಡಬ್ಬಿಯನ್ನು ಮುಟ್ಟಬೇಡಿ, ಮುಗಿಯಿತು.

ಸನ್‌ಸ್ಕ್ರೀನ್ ಇಲ್ಲದೆ ಸೀರಮ್ ಹಚ್ಚುವುದು ಒಂದು ಕಡೆ ಬೆಂಕಿ ಆರಿಸುತ್ತಾ ಇನ್ನೊಂದು ಕಡೆ ಸೌದೆ ಒಟ್ಟಿದ ಹಾಗೆ. "ಕಪ್ಪಗಿರುವವರಿಗೆ ಸನ್‌ಸ್ಕ್ರೀನ್ ಯಾಕೆ" ಅನ್ನುವ ಮಾತನ್ನು ನಾನೂ ಎಷ್ಟೋ ವರ್ಷ ನಂಬಿದ್ದೆ. ನಾವು ಬೇಗ ಸುಡುವುದಿಲ್ಲ ನಿಜ. ಆದರೆ ಕಲೆ ಗಾಢವಾಗಲು ಸುಡಬೇಕಾಗಿಯೇ ಇಲ್ಲ. ಕಣ್ಣಿಗೆ ಕಾಣುವ ಬೆಳಕೇ ಸಾಕು, ಅದರಲ್ಲೂ ಅದರ ನೀಲಿ ಭಾಗ, ಅದು ಕಂದು-ಕಪ್ಪು ಚರ್ಮದಲ್ಲಿ ಬಣ್ಣವನ್ನು ಕೆದಕುತ್ತದೆ, ತೆಳು ಬಣ್ಣದ ಚರ್ಮದಲ್ಲಿ ಹಾಗೆ ಮಾಡುವುದಿಲ್ಲ. ಕಿಟಕಿ ಗಾಜಿನ ಮೂಲಕವೂ ಅದು ಬರುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಎಸ್‌ಪಿಎಫ್ 50 ಇದ್ದರೂ ಆ ಬೆಳಕನ್ನು ಹೆಚ್ಚೇನೂ ತಡೆಯುವುದಿಲ್ಲ. ತಡೆಯುವುದು ಐರನ್ ಆಕ್ಸೈಡ್, ಅಂದರೆ ಬಣ್ಣ ಬೆರೆಸಿದ ಸನ್‌ಸ್ಕ್ರೀನಿನಲ್ಲಿ ಇರುವ ಆ ಕಂದು-ಹಳದಿ ಪುಡಿ. ಇದರಲ್ಲಿ ಇನ್ನೊಂದು ಉಪಕಾರ ಇದೆ, ಬಿಳಿ ಸನ್‌ಸ್ಕ್ರೀನ್ ಹಚ್ಚಿ ಮುಖಕ್ಕೆ ಸುಣ್ಣ ಬಳಿದ ಹಾಗೆ ಕಾಣುವುದು ತಪ್ಪುತ್ತದೆ. ಕಷ್ಟ ಏನೆಂದರೆ ನಮ್ಮ ಬಣ್ಣಕ್ಕೆ ಹೊಂದುವ ಛಾಯೆ ಹುಡುಕುವುದು. ಮೂರು ಛಾಯೆ ಮಾಡಿ ಮೂರನ್ನೂ ತೆಳು ಬಣ್ಣದ ಚರ್ಮಕ್ಕೇ ಮಾಡಿರುತ್ತಾರೆ. ನೀವು ಲೇಖನ ಬರೆಸುವಾಗ ಇದನ್ನೊಂದು ಪ್ರಶ್ನೆಯಾಗಿ ಕಂಪನಿಗಳಿಗೆ ಕೇಳಬಾರದೇ?

ಎಷ್ಟು ದಿನಕ್ಕೆ ಕಲೆ ಹೋಗುತ್ತದೆ ಅನ್ನುವುದನ್ನೂ ಸರಿಯಾಗಿ ಬರೆಯಿರಿ. ಚರ್ಮದ ಮೇಲ್ಪದರ ಪೂರ್ತಿ ಹೊಸದಾಗಲು ನಾಲ್ಕರಿಂದ ಆರು ವಾರ ಬೇಕು. ಹಾಗಿರುವಾಗ "7 ದಿನದಲ್ಲಿ ಫಲಿತಾಂಶ" ಎಲ್ಲಿಂದ ಬರುತ್ತದೆ? ಏನಾದರೂ ವ್ಯತ್ಯಾಸ ಕಾಣಲು ಎರಡು-ಮೂರು ತಿಂಗಳು, ಕಂದಾಗಿ ಕಾಣುವ ಮೇಲ್ಪದರದ ಕಲೆ ಪೂರ್ತಿ ಮಾಸಲು ಆರರಿಂದ ಹನ್ನೆರಡು ತಿಂಗಳು. ಬೂದಿ ಅಥವಾ ನೀಲಿ ಛಾಯೆ ಇರುವ ಕಲೆ ಆಳದಲ್ಲಿದೆ, ಸೀರಮ್ ಅಲ್ಲಿಯವರೆಗೆ ಹೋಗುವುದಿಲ್ಲ, ಅದಕ್ಕೆ ವರ್ಷಗಳೇ ಬೇಕಾಗಬಹುದು. ಕುತ್ತಿಗೆಯ ಹಿಂದೆ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗಿದ್ದರೆ ಸೀರಮ್ ಪಕ್ಕಕ್ಕಿಟ್ಟು ಮೊದಲು ರಕ್ತದ ಸಕ್ಕರೆ ನೋಡಿಸಿ, ಅದು ಎಷ್ಟೋ ಸಲ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ಅಂಗಾಲು, ಅಂಗೈ, ಉಗುರಿನ ಕೆಳಗೆ ಹೊಸ ಕಲೆ ಬಂದು ಬೆಳೆಯುತ್ತಿದ್ದರಂತೂ ಅದಕ್ಕೆ ಏನನ್ನೂ ಹಚ್ಚದೆ ಡಾಕ್ಟರಿಗೆ ತೋರಿಸಿ. ಗಾಯಕ ಬಾಬ್ ಮಾರ್ಲಿ 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡದ್ದು ಕಾಲುಗುರಿನ ಕೆಳಗೆ ಶುರುವಾದ ಚರ್ಮದ ಕ್ಯಾನ್ಸರಿನಿಂದ.

ಕೊನೆಯದಾಗಿ ಒಂದು ತಕರಾರು. ಈ ಸೀರಮ್‌ಗಳ ಡಬ್ಬಿ ಮೇಲೆ ಕಲೆ ಅಂತ ಬರೆದು ಪಕ್ಕದಲ್ಲಿ ಹಾಕುವ ಚಿತ್ರ ಮೊದಲು ಕಪ್ಪಗಿದ್ದು ಆಮೇಲೆ ಬೆಳ್ಳಗಾದ ಮುಖದ್ದು. ಕಲೆ ಬೇರೆ, ಬಣ್ಣ ಬೇರೆ. ನನಗೆ ಗಲ್ಲದ ಮೇಲಿನ ಗುರುತು ಹೋಗಿ ಅಲ್ಲಿ ನನ್ನದೇ ಎಣ್ಣೆಗಪ್ಪು ವಾಪಸ್ ಬರಬೇಕು, ಅಷ್ಟೇ ಬೇಕಿರುವುದು. ನೀವು ಇನ್ನೊಮ್ಮೆ ಈ ವಿಷಯ ಹಾಕುವಾಗ "ಕೆಂಪಾದರೆ" ಅನ್ನುವ ಪದದ ಪಕ್ಕ "ಅಥವಾ ಉರಿ, ಬಿಗಿತ, ಕಪ್ಪು ಜಾಸ್ತಿಯಾದರೆ" ಅಂತ ಐದು ಪದ ಸೇರಿಸಿ. ಚಿತ್ರಕ್ಕೆ ಒಬ್ಬ ಕಪ್ಪು ಬಣ್ಣದ ಹೆಂಗಸನ್ನೋ ಗಂಡಸನ್ನೋ ಹಾಕಿ, ಕಲೆ ಮಾಸಿದ ಮೇಲೂ ಅವರು ಅದೇ ಬಣ್ಣದಲ್ಲಿರಲಿ.

ನನ್ನ ಬಾಯಿಯ ಸುತ್ತಲಿನ ಉಂಗುರ ಹೋಗಲು ಹತ್ತು ತಿಂಗಳಾಯಿತು. ಗಲ್ಲದ ಕಲೆಗಳಲ್ಲಿ ಒಂದು ಇನ್ನೂ ಇದೆ, ಸ್ವಲ್ಪ ಬೂದಿ ಛಾಯೆ. ಆಳದ್ದು ಅಂತ ಕಾಣುತ್ತದೆ, ಅದರ ಪಾಡಿಗೆ ಬಿಟ್ಟಿದ್ದೇನೆ.

ಇಂತಿ,
ನಿಮ್ಮ ಓದುಗಳೊಬ್ಬಳು